ಮಿಸಿಸಿಪ್ಪಿಯ ಹಾಡು, ಹುಬ್ಬಳ್ಳಿಯ ಕಿವಿ

ಓದುಗರ ಪ್ರಶ್ನೆ: "ನಾನು ಹುಬ್ಬಳ್ಳಿಯವನು, ವಯಸ್ಸು 26. ನಾಲ್ಕು ವರ್ಷಗಳಿಂದ ಗಿಟಾರ್ ಕಲಿಯುತ್ತಿದ್ದೇನೆ. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತವೆಂದರೆ ನನಗೆ ಪ್ರಾಣ. ತಂದೆಯವರು ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಾರೆ, ಕರಿ ಎರಡರಲ್ಲಿ, ಅಂದರೆ ಅದರ ಎರಡನೆಯ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು, ವಚನ ಹಾಡುತ್ತಾರೆ. 'ನಮ್ಮ ಊರಾಗ ಇಷ್ಟ ದೊಡ್ಡ ಸಂಗೀತ ಇರೂವಾಗ ಆ ಕರಿ ಮಂದಿ ಹಾಡು ನಿನಗ್ಯಾಕ ಬೇಕೋ?' ಎಂದು ದಿನವೂ ಕೇಳುತ್ತಾರೆ. ಅಮೆರಿಕದಲ್ಲಿರುವ ನಮ್ಮ ಕಾಕಾನ ಮಗಳು, 'ಅದು ಅವರ ನೋವಿನ ಹಾಡು, ನಿನಗೆ ಹಾಡುವ ಹಕ್ಕಿಲ್ಲ' ಎಂದಳು. ಡಿಸೆಂಬರಿನಲ್ಲಿ ನಾವು ಐದು ಮಂದಿ ಗೆಳೆಯರು ಒಂದು ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಕಲಘಟಗಿ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಜನರ ಮದುವೆಯೊಂದರಲ್ಲಿ ಒಬ್ಬ ಗೆಳೆಯ ಮೊಬೈಲಿನಲ್ಲಿ ಹಿಡಿದುಕೊಂಡು ಬಂದ ದಮಾಮಿ ಎಂಬ ಚರ್ಮವಾದ್ಯದ ಬಡಿತವನ್ನು ನಡುವೆ ಸೇರಿಸಬೇಕೆಂಬ ಯೋಚನೆ ಇದೆ. ಇನ್ನೊಬ್ಬ ಗೆಳೆಯ, ಮುಖಕ್ಕೆ ಕಪ್ಪು ಬಳಿದುಕೊಂಡು ಗುಂಗುರು ಕೂದಲಿನ ವಿಗ್ ಹಾಕಿಕೊಂಡರೆ ಜನ ಮೆಚ್ಚುತ್ತಾರೆ ಎನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಕಾರಣ ಹೇಳಲು ಬರುತ್ತಿಲ್ಲ. ನಾನು ಇದನ್ನು ಕೇಳುವುದೇ ತಪ್ಪೇ? ಹಾಡುವುದು ತಪ್ಪೇ? ತಂದೆಯವರ ಜೊತೆ ಕುಳಿತು ನುಡಿಸುವ ದಾರಿ ಏನಾದರೂ ಇದೆಯೇ?"

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಸಿಕ್ಕುಬಿದ್ದಿವೆ. ಪರರ ಸಂಗೀತವನ್ನು ಮೆಚ್ಚಿ ಕೇಳಬಹುದೇ ಎಂಬುದು ಒಂದು. ಅದನ್ನು ನಮ್ಮ ಬಾಯಿಂದ ಹಾಡಬಹುದೇ ಎಂಬುದು ಇನ್ನೊಂದು. ಹಾಡಿ, ವೇದಿಕೆಯ ಮೇಲೆ ನಮ್ಮ ಹೆಸರಿನಲ್ಲಿ ಚಪ್ಪಾಳೆ, ಹಣ ಪಡೆಯಬಹುದೇ ಎಂಬುದು ಮೂರನೆಯದು. ಮೊದಲನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ನಾನು ಎರಡು ಮಾತಿಲ್ಲದೆ ಹೇಳುತ್ತೇನೆ. ಕಿವಿಗೆ ಬಿದ್ದ ಹಾಡು ಎದೆಗೆ ಇಳಿಯಿತೆಂದರೆ ಅದರಲ್ಲಿ ಅಪರಾಧವೇನೂ ಇಲ್ಲ. ಎರಡನೆಯದರಿಂದ ಮೂರನೆಯದಕ್ಕೆ ಸಾಗುವಾಗ ಮಾತ್ರ ಋಣವೊಂದು ಹುಟ್ಟುತ್ತದೆ, ಮತ್ತು ಆ ಋಣವನ್ನು ಸಲ್ಲಿಸಬೇಕಾದದ್ದು 'ಮನುಕುಲ'ಕ್ಕಲ್ಲ, ಹೆಸರು, ಊರು, ಮುಖ ಇರುವ ಕೆಲವು ಜನರಿಗೆ. ಧಾರವಾಡದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂದುಸ್ತಾನಿ ಗಾಯನ ಕಲಿಸುತ್ತ, ಬಿಡುವಿನಲ್ಲಿ ಹಳ್ಳಿಗಳ ಹಾಡುಗಳನ್ನು ಸಂಗ್ರಹಿಸುತ್ತ ಬಂದವಳಾಗಿ ನನ್ನ ಅನುಭವಕ್ಕೆ ಬಂದದ್ದು ಇದು.

ತಂದೆಯವರ ಮಾತಿನಿಂದ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ನಿಜವಾದ ಒಂದು ಹೆಮ್ಮೆಯಿದೆ. ನಮ್ಮ ಭಾಗದಲ್ಲಿ ದೊಡ್ಡ ಸಂಗೀತ ಇರುವುದು ಹೌದು. ಆದರೆ ಅದು ಇಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಅವರೊಡನೆ ಸಮಾಧಾನದಿಂದ ಮಾತನಾಡಿ ನೋಡಿ. ಇಲ್ಲಿ ಬೇರೂರಿದ ಹಿಂದುಸ್ತಾನಿ ಗಾಯನ ಪರಂಪರೆಯಾದ ಕಿರಾಣಾ ಘರಾಣೆಗೆ ಹೆಸರು ಬಂದದ್ದು ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಿಂದ. ಆ ಊರಿನ ಉಸ್ತಾದ್ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದರು. ಸವಾಯಿ ಗಂಧರ್ವರಿಂದ ಕಲಿಯಲು ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲು ಹತ್ತಿ ಹೋಗುತ್ತಿದ್ದರು, ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಅವರ ಮನೆಯಲ್ಲೇ ಇದ್ದು ಕಲಿತರು. ಆ ಖಾನ್ ಸಾಹೇಬರು ತಾವೂ ದಕ್ಷಿಣದಿಂದ ಪಡೆದವರು, ತ್ಯಾಗರಾಜರ ಕೃತಿಯನ್ನು ಹಾಡಿ ಧ್ವನಿಮುದ್ರಿಸಿದವರು. ನಿಮ್ಮ ತಂದೆಯವರ ಬೆರಳಿನ ಕೆಳಗಿರುವ ಹಾರ್ಮೋನಿಯಮ್ಮಿಗೆ 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆಯಿತು. ನಮ್ಮ ಸಂಗೀತಕ್ಕೆ ಹೊಂದುವುದಿಲ್ಲವೆಂದು ಆಕಾಶವಾಣಿಯು ಅದನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಇಂದು ಅದಿಲ್ಲದೆ ನಮ್ಮ ಊರುಗಳಲ್ಲಿ ಭಜನೆ ಏಳುವುದಿಲ್ಲ. ಹಾಗಾಗಿ ಹೊರಗಿನ ಸಂಗೀತದಿಂದ ನಮ್ಮದು ಕೆಡುತ್ತದೆ ಎಂಬ ಭಯಕ್ಕೆ ನಮ್ಮ ಊರಿನ ಇತಿಹಾಸವೇ ಆಧಾರ ಕೊಡುವುದಿಲ್ಲ.

ಅವರ ಮಾತಿನಲ್ಲಿರುವ 'ಕರಿ ಮಂದಿ' ಎಂಬ ಪದದ ಬಗ್ಗೆ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ತಂಗಿಯ ಮಾತು.

'ಅದು ಅವರ ನೋವು' ಎಂದು ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ 1865ರಲ್ಲಿ ಕೊನೆಗೊಂಡಿತು. ಆದರೆ ಬಿಡುಗಡೆಯಾದವರಿಗೆ ನೆಲ ಸಿಗಲಿಲ್ಲ, ಹಳೆಯ ಒಡೆಯರ ಹತ್ತಿ ಹೊಲಗಳಲ್ಲೇ ಪಾಲಿಗೆ ದುಡಿದು ಸಾಲದಲ್ಲಿ ಮುಳುಗಬೇಕಾಯಿತು. ಅಂಥ ಹೊಲಗಳಲ್ಲಿ, ರೈಲು ಹಳಿ ಹಾಕುವ ಕಡೆಗಳಲ್ಲಿ, ಜೈಲಿನ ಗ್ಯಾಂಗುಗಳಲ್ಲಿ ಕೂಗಿ ಹೇಳಿದ ಹಾಡುಗಳಿಂದ, ಚರ್ಚಿನ ಹಾಡುಗಳಿಂದ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬ್ಲೂಸ್ ರೂಪುಗೊಂಡಿತು. ಕಪ್ಪು ಗಾಯಕಿಯೊಬ್ಬರು, ಮೇಮೀ ಸ್ಮಿತ್, ಮೊದಲ ಬಾರಿಗೆ ಬ್ಲೂಸ್ ಹಾಡಿ ಧ್ವನಿಮುದ್ರಿಸಿದ್ದು 1920ರಲ್ಲಿ. ಆ ಗ್ರಾಮಫೋನ್ ತಟ್ಟೆಗಳು ಬಿಸಿದೋಸೆಯಂತೆ ಮಾರಾಟವಾದದ್ದನ್ನು ಕಂಡ ಕಂಪನಿಗಳು ಕಪ್ಪು ಜನರಿಗೆಂದೇ ಒಂದು ಪ್ರತ್ಯೇಕ ಸಾಲು ತೆರೆದು ಅದಕ್ಕೆ 'ರೇಸ್ ರೆಕಾರ್ಡ್' ಎಂದು ಹೆಸರಿಟ್ಟವು. 1949ರವರೆಗೂ ವ್ಯಾಪಾರದ ಪತ್ರಿಕೆಗಳಲ್ಲಿ ಇದೇ ಹೆಸರು ನಡೆಯಿತು. ನಮ್ಮ ಕಡೆಯ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದುದನ್ನು ಕಂಡವರಿಗೆ ಈ ಬೇರೆ ಸಾಲಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ನಡೆದದ್ದೇ ಇಂದಿನ ಜಗಳದ ಮೂಲ. ಆರ್ಥರ್ ಕ್ರೂಡಪ್ ಎಂಬ ಮಿಸಿಸಿಪ್ಪಿಯ ಕಪ್ಪು ಗಾಯಕರು 1946ರಲ್ಲಿ ಧ್ವನಿಮುದ್ರಿಸಿದ ತಮ್ಮದೇ ಹಾಡೊಂದನ್ನು 1954ರಲ್ಲಿ ಎಲ್ವಿಸ್ ಪ್ರೀಸ್ಲಿ ಎಂಬ ಬಿಳಿಯ ಯುವಕ ಹಾಡಿದರು. ಅದೇ ಅವರ ಮೊದಲ ತಟ್ಟೆಯಾಯಿತು, ಅಲ್ಲಿಂದ ಅವರು ಜಗತ್ತಿಗೆ ಪರಿಚಿತರಾದರು. ಕ್ರೂಡಪ್ ಕೂಲಿ ಕೆಲಸ ಮಾಡಿಕೊಂಡೇ ಬದುಕಿದರು, ತಮಗೆ ಬರಬೇಕಾದ ರಾಯಲ್ಟಿಯ ಬಹುಪಾಲನ್ನು ಕಾಣದೆಯೇ 1974ರಲ್ಲಿ ತೀರಿಕೊಂಡರು. ವಿಲ್ಲೀ ಡಿಕ್ಸನ್ ಎಂಬ ಇನ್ನೊಬ್ಬ ರಚನಕಾರರು ಬ್ರಿಟನ್ನಿನ ಪ್ರಖ್ಯಾತ ತಂಡವಾದ ಲೆಡ್ ಜೆಪ್ಪೆಲಿನ್ ಮೇಲೆ 1985ರಲ್ಲಿ ದಾವೆ ಹೂಡಿ, 1987ರಲ್ಲಿ ರಾಜಿಯಾಗಿ, ಕೊನೆಗೂ ತಮ್ಮ ಹೆಸರನ್ನು ಹಾಡಿನ ಮೇಲೆ ಕಾಣುವಂತಾಯಿತು. ಈ ಎರಡೂ ಪ್ರಸಂಗಗಳಲ್ಲಿ ಬಿಳಿಯರು ಕಪ್ಪು ಜನರ ಹಾಡನ್ನು ಮೆಚ್ಚಿದ್ದು ಅನ್ಯಾಯವಾಗಲಿಲ್ಲ, ಒಂದರಲ್ಲಿ ಹಣ ತಲುಪದಿದ್ದದ್ದು, ಇನ್ನೊಂದರಲ್ಲಿ ಹೆಸರು ಹೇಳದಿದ್ದದ್ದು ಅನ್ಯಾಯವಾಯಿತು.

ಹಾಗೆಂದು ನೋವು ಒಂದು ಜನಾಂಗದ್ದಾದರೆ ಬೇರೆಯವರು ಅದನ್ನು ಹಾಡಲೇಬಾರದೆಂಬ ತೀರ್ಮಾನಕ್ಕೆ ನಾನು ಬರಲಾರೆ. ಅದಕ್ಕೆ ಕಾರಣ ನಮ್ಮ ಹಳ್ಳಿಗಳ ಮೊಹರಂ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಲಿಂಗಾಯತ, ಕುರುಬ, ಬೇಡ, ದಲಿತ ಮನೆತನಗಳ ಗಂಡಸರು ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ರಿವಾಯತ್ ಪದಗಳನ್ನು ಹಾಡುತ್ತಾರೆ. ಹಸೇನ್ ಹುಸೇನರ ದುಃಖಕ್ಕೆ ಕಣ್ಣೀರು ತರುತ್ತಾರೆ. ಅದು ನಿಮ್ಮ ದುಃಖವಲ್ಲ, ಹಾಡಬೇಡಿ ಎಂದು ಅವರನ್ನು ತಡೆದ ಮುಸಲ್ಮಾನರನ್ನು ನಾನಂತೂ ನೋಡಿಲ್ಲ. ಆದರೆ ಅಲ್ಲಿ ಒಂದು ಸಂಗತಿಯನ್ನು ಗಮನಿಸಿ. ಆ ದುಃಖದ ವಾರಸುದಾರರು ಅಲ್ಲೇ ಎದುರಿಗೆ ನಿಂತಿರುತ್ತಾರೆ, ಪಂಜಾ ಹಿಡಿದಿರುತ್ತಾರೆ, ಪದದಲ್ಲಿ ತಪ್ಪಿದರೆ ತಿದ್ದುತ್ತಾರೆ. ಅವರ ಕಣ್ಣೆದುರಿನಲ್ಲಿ ಹಾಡಲಾಗದ ರೀತಿಯಲ್ಲಿ ಯಾರೂ ಹಾಡುವುದಿಲ್ಲ. ನಿಮ್ಮ ತಂಗಿಗೂ ಈ ಮಾತನ್ನು ಹೇಳಬಹುದು. ನೀವು ಹಾಡುವಾಗ ಚಿಕಾಗೋದ ಒಬ್ಬ ಕಪ್ಪು ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿದ್ದರೆ ಇದನ್ನೇ, ಹೀಗೆಯೇ ಹಾಡುತ್ತಿದ್ದಿರಾ ಎಂದು ಕೇಳಿಕೊಂಡರೆ ನಿಮ್ಮ ಬಹುತೇಕ ಸಂದೇಹಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಎರಡು ನಂಬಿಕೆಗಳನ್ನು ಇಲ್ಲಿಯೇ ಬಿಡಿಸಿ ಹೇಳಬೇಕು. 'ಸಂಗೀತಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ' ಎಂಬ ಮಾತನ್ನು ಸಭೆಗಳಲ್ಲಿ ನಾವೆಲ್ಲ ಹೇಳುತ್ತೇವೆ. ಸ್ವರಕ್ಕೆ ಇಲ್ಲ, ನಿಜ. ಆದರೆ ಹಾಡುವವರಿಗೆ ಜಾತಿಯನ್ನು ನಾವು ಹಚ್ಚಿಯೇ ಇದ್ದೇವೆ. ಗಂಗೂಬಾಯಿಯವರು ಧಾರವಾಡದ ಶುಕ್ರವಾರಪೇಟೆಯಲ್ಲಿ ಬೆಳೆಯುವಾಗ ಹಾಡುವವಳೆಂದು ಕೇಳಿದ ಚುಚ್ಚುಮಾತುಗಳನ್ನು ಮುಂದೆ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ಗಾಯನಕ್ಕೆ ತಲೆದೂಗಿದ ಊರೇ ಅವರ ಕುಲಕ್ಕೆ ಮೂಗು ಮುರಿದಿತ್ತು. ಹಾಡು ಬೇಕು, ಹಾಡುವವರು ಬೇಡ ಎನ್ನುವ ಈ ರೋಗ ಅಮೆರಿಕದ್ದು ಮಾತ್ರವಲ್ಲ. ಇನ್ನೊಂದು ನಂಬಿಕೆ ಇದಕ್ಕೆ ವಿರುದ್ಧವಾದದ್ದು: ಬ್ಲೂಸ್ ಕಪ್ಪು ಜನರ ರಕ್ತದಲ್ಲಿದೆ, ಬೇರೆಯವರಿಗೆ ಬರುವುದಿಲ್ಲ ಎನ್ನುವುದು. ಕೇಳಲು ಹೊಗಳಿಕೆಯಂತಿದ್ದರೂ ಇದು ಅವಮಾನ. ವರ್ಷಗಟ್ಟಲೆ ಸಾಧನೆ ಮಾಡಿ ಪಡೆದ ವಿದ್ಯೆಯನ್ನು ಹುಟ್ಟಿನಿಂದ ಬಂದ ಚಟವೆಂಬಂತೆ ನೋಡುವುದು. ಸಿದ್ದಿ ಮಕ್ಕಳಿಗೆ ಶಾಲೆಯಲ್ಲಿ 'ನಿಮಗೇನು, ಕುಣಿತ ರಕ್ತದಾಗ ಐತಿ' ಎಂದು ಹೇಳಿ, ಗಣಿತದ ಸ್ಪರ್ಧೆಗೆ ಬೇರೆಯವರನ್ನು ಆರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಹುಬ್ಬಳ್ಳಿಯ ಕಿವಿಗೆ ಬ್ಲೂಸ್ ಅಷ್ಟು ಬೇಗ ಹತ್ತಿರವಾದದ್ದು ಹೇಗೆ? ಇದಕ್ಕೆ ಸಂಗೀತದ ಒಳಗೇ ಕಾರಣಗಳಿವೆ. ಬ್ಲೂಸ್ ಗಿಟಾರಿನಲ್ಲಿ ನೀವು ಮೊದಲು ಕಲಿತ ಐದು ಸ್ವರಗಳ ಸಾಲು ಷಡ್ಜ, ಕೋಮಲ ಗಾಂಧಾರ, ಮಧ್ಯಮ, ಪಂಚಮ, ಕೋಮಲ ನಿಷಾದ. ಅದು ನಮ್ಮ ಧಾನಿ ರಾಗದ ಸ್ವರಸಮೂಹ. ಬ್ಲೂಸ್ ಹಾಡುವವರು ಗಾಂಧಾರವನ್ನು ಕೋಮಲಕ್ಕೂ ಶುದ್ಧಕ್ಕೂ ನಡುವೆ ತೂಗಿಸುತ್ತಾರೆ. ಜೋಗ್ ರಾಗದಲ್ಲಿ ಎರಡೂ ಗಾಂಧಾರಗಳನ್ನು ಕೇಳಿದ ಕಿವಿಗೆ ಅದು ಅಪಶ್ರುತಿಯಾಗಿ ಕೇಳಿಸುವುದಿಲ್ಲ. ಬಾಟಲಿಯ ಕುತ್ತಿಗೆಯನ್ನು ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸುವ ಅವರ ಕ್ರಮ ನಮ್ಮ ಮೀಂಡಿಗೆ ಬಲು ಹತ್ತಿರ. ಒಂದು ಸಾಲನ್ನು ಹೇಳಿ, ಅದನ್ನೇ ಮತ್ತೊಮ್ಮೆ ಹೇಳಿ, ಮೂರನೆಯ ಸಾಲಿನಲ್ಲಿ ಉತ್ತರ ಕೊಡುವ ಹನ್ನೆರಡು ಮಾತ್ರೆಗಟ್ಟುಗಳ (ಇಂಗ್ಲಿಷಿನಲ್ಲಿ 'ಬಾರ್') ರಚನೆಯೂ, ಹಾಡಿದವನಿಗೆ ಗಿಟಾರ್ ಮರುನುಡಿಯುವ ರೀತಿಯೂ ಮುಮ್ಮೇಳ ಹಿಮ್ಮೇಳಗಳ ನಡುವೆ ಬೆಳೆದವರಿಗೆ, ಗೀಗೀ ಪದದ ಸೊಲ್ಲು ಕೇಳಿದವರಿಗೆ ಹೊಸದಲ್ಲ. ಆದರೂ ಎಚ್ಚರವಿರಲಿ. ಸ್ವರಗಳು ಒಂದಾಗಿವೆ ಎಂದ ಮಾತ್ರಕ್ಕೆ ಬ್ಲೂಸ್ ನಮ್ಮ ಧಾನಿಯಿಂದ ಹುಟ್ಟಿತು, ಎಲ್ಲವೂ ನಮ್ಮಲ್ಲೇ ಇತ್ತು ಎಂದು ಹೇಳುವ ಚಾಳಿಗೆ ಇಳಿಯಬಾರದು. ಧಾನಿ ಹಾಡಿದವರ ಬೆನ್ನ ಮೇಲೆ ಆ ಚಾಟಿ ಬಿದ್ದಿರಲಿಲ್ಲ.

ಸ್ವರಕ್ಕಿಂತಲೂ ಗಟ್ಟಿಯಾದ ಇನ್ನೊಂದು ನಂಟು ನಮ್ಮ ಎರೆ ಹೊಲಗಳಲ್ಲಿದೆ, ಇದನ್ನು ನಿಮ್ಮ ತಂಡದವರು ತಿಳಿದಿರಬೇಕು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಗದಗ, ಹುಬ್ಬಳ್ಳಿಯ ಕಪ್ಪು ನೆಲಕ್ಕೆ ಅದು ಒಗ್ಗಿಕೊಂಡು 'ಧಾರವಾಡ ಅಮೆರಿಕನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಹೋಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ, ನಮ್ಮ ಕಡೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಯಾವ ಹತ್ತಿಯನ್ನು ಬಿಡಿಸುತ್ತ ಅವರ ಹಿರಿಯರು ಕೂಗಿ ಹಾಡಿದರೋ ಆ ಹತ್ತಿಯ ಬೀಜವೇ ನಮ್ಮ ಹಿರಿಯರ ಹೊಲಕ್ಕೂ ಬಂದಿತ್ತು. ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಬೆರಳ ತುದಿಯನ್ನು ಕಾಯಿಯ ಒಣಗಿದ ಸಿಪ್ಪೆ ಹೇಗೆ ಗೀರುತ್ತದೆ ಎಂಬುದನ್ನು ನವಲಗುಂದ, ಅಣ್ಣಿಗೇರಿಯ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ.

ಇನ್ನು ಡಿಸೆಂಬರಿನ ಕಾರ್ಯಕ್ರಮಕ್ಕೆ ಬರೋಣ.

ಮುಖಕ್ಕೆ ಕಪ್ಪು ಬಳಿದುಕೊಳ್ಳುವ ಯೋಚನೆಯನ್ನು ಇಂದೇ ಕೈಬಿಡಿ. ಇದರಲ್ಲಿ ನಾನು ಬೇರೆ ಆಯ್ಕೆಯನ್ನು ಕೊಡುವುದಿಲ್ಲ. ಅಮೆರಿಕದಲ್ಲಿ 1830ರ ದಶಕದಿಂದ ಬಿಳಿಯ ನಟರು ಸುಟ್ಟ ಬೂಚಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಗುಲಾಮರನ್ನು ಪೆದ್ದರಂತೆ, ಸೋಮಾರಿಗಳಂತೆ ತೋರಿಸಿ ನಗಿಸುವ ಆಟಗಳನ್ನು ಆಡಿ ಹಣ ಮಾಡಿದರು. ಅಂಥ ಒಂದು ಆಟದ ಪಾತ್ರದ ಹೆಸರು ಜಿಮ್ ಕ್ರೋ. ಮುಂದೆ ಕಪ್ಪು ಜನರನ್ನು ಶಾಲೆ, ರೈಲು, ಹೋಟೆಲುಗಳಿಂದ ಬೇರೆ ಇಟ್ಟ ಕಾನೂನುಗಳಿಗೆ ಆ ಹೆಸರೇ ಅಂಟಿತು. ನಿಮ್ಮ ಗೆಳೆಯನ ಮನಸ್ಸಿನಲ್ಲಿ ಕೇಡಿಲ್ಲದಿರಬಹುದು, ನಮ್ಮ ಬಯಲಾಟ, ಹಗಲುವೇಷಗಳಲ್ಲಿ ಮುಖಕ್ಕೆ ಬಣ್ಣ ಹಚ್ಚುವುದು ಸಹಜ ಎಂದು ಅವನು ವಾದಿಸಬಹುದು. ಬಣ್ಣ ಹಚ್ಚುವುದು ಬೇರೆ, ಒಂದು ಜನಾಂಗದ ಚರ್ಮವನ್ನೇ ವೇಷ ಮಾಡುವುದು ಬೇರೆ. ಜೊತೆಗೆ, ಕಲಘಟಗಿಯಿಂದ ಹುಬ್ಬಳ್ಳಿಗೆ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಸಿದ್ದಿ ಹುಡುಗಿಯೊಬ್ಬಳು ನಿಮ್ಮ ಸಭೆಯಲ್ಲಿ ಕುಳಿತಿದ್ದರೆ ತನ್ನ ಕೂದಲನ್ನು ವಿಗ್ ಆಗಿ ಕಂಡು ನಗುವ ಜನರ ನಡುವೆ ಅವಳು ಎತ್ತ ನೋಡಬೇಕು? ನಿಮ್ಮ ಮನಸ್ಸು ಒಪ್ಪದಿದ್ದದ್ದು ಈ ಕಾರಣಕ್ಕೇ ಇರಬೇಕು.

ತಂದೆಯವರ 'ಕರಿ ಮಂದಿ' ಎಂಬ ಮಾತನ್ನೂ ಇದರೊಡನೆ ಇಟ್ಟು ನೋಡಿ. ನಮ್ಮ ಆಡುಮಾತಿನಲ್ಲಿ ಕರಿ ಎಂಬುದು ಬರೀ ಬಣ್ಣದ ಹೆಸರಾಗಿ ಉಳಿದಿಲ್ಲ, ವಧುವನ್ನು ನೋಡುವಾಗ, ಮಗು ಹುಟ್ಟಿದಾಗ ಅದು ಕೊರತೆಯ ಹೆಸರಾಗಿದೆ. ಅವರೊಡನೆ ಜಗಳ ಬೇಡ. ಒಳ್ಳೆಯ ಬ್ಲೂಸ್ ಗಾಯಕರೊಬ್ಬರ ಹೆಸರನ್ನು ಹೇಳಿ ಕೇಳಿಸಿ. 'ಕರಿ ಮಂದಿ ಹಾಡು' ಎಂಬುದು 'ಬಿ.ಬಿ. ಕಿಂಗರ ಹಾಡು' ಆಗುವುದಕ್ಕೆ ಹೆಸರಿಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

ಬ್ಲೂಸ್ ಹಾಡುಗಳನ್ನು ಇಂಗ್ಲಿಷಿನಲ್ಲಿ ಇದ್ದಂತೆಯೇ ಹಾಡುವುದು ನಿಮ್ಮ ಮುಂದಿರುವ ಒಂದು ದಾರಿ. ತಪ್ಪಲ್ಲ. ಅದರ ಅಪಾಯವಿರುವುದು ಅನುಕರಣೆಯಲ್ಲಿ. ಅವರ ಉಚ್ಚಾರವನ್ನು, ಗಂಟಲಿನ ಒರಟನ್ನು ನಕಲು ಮಾಡಹೊರಟರೆ ಅದು ಕಂಠದ ಮಸಿಯಾಗುತ್ತದೆ. ನಿಮ್ಮ ಗಂಟಲಿನಲ್ಲೇ ಹಾಡಿ. ಕಪ್ಪು ಜನರನ್ನು ಹೀಯಾಳಿಸಲು ಬಳಸುತ್ತಿದ್ದ ಶಬ್ದ ಕೆಲವು ಹಾಡುಗಳಲ್ಲಿ, ವಿಶೇಷವಾಗಿ ರ‍್ಯಾಪ್‌ನಲ್ಲಿ ಬರುತ್ತದೆ. ಅವರವರಲ್ಲಿ ಅದಕ್ಕೆ ಬೇರೆ ಅರ್ಥವಿದೆ, ನಮ್ಮ ಬಾಯಿಯಲ್ಲಿ ಬೇಡ. 2018ರಲ್ಲಿ ಅಲಬಾಮಾದ ಒಂದು ಕಾರ್ಯಕ್ರಮದಲ್ಲಿ ಕಪ್ಪು ರ‍್ಯಾಪ್ ಗಾಯಕ ಕೆಂಡ್ರಿಕ್ ಲಮಾರ್ ತಾವೇ ವೇದಿಕೆಗೆ ಕರೆದ ಬಿಳಿಯ ಅಭಿಮಾನಿ ಆ ಶಬ್ದವನ್ನು ಹಾಡಿದಾಗ ಹಾಡನ್ನೇ ನಿಲ್ಲಿಸಿದರು. ಮುಂದೆ ನೀವು ಧ್ವನಿಮುದ್ರಿಸಿ ಹೊರತರುವುದಾದರೆ ಕಾಯ್ದೆಯನ್ನೂ ನೋಡಿಕೊಳ್ಳಬೇಕು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಮೂಲ ಹಾಡಿನ ಮೊದಲ ಧ್ವನಿಮುದ್ರಣವಾದ ವರ್ಷದ ನಂತರ ಐದು ಕ್ಯಾಲೆಂಡರ್ ವರ್ಷ ಕಳೆಯುವವರೆಗೆ ಅದರ ಮರುಹಾಡಿಕೆಯನ್ನು ಆ ಕಾಯ್ದೆಯ ಪರವಾನಗಿಯ ಮೇಲೆ ತರುವಂತಿಲ್ಲ, ಆಮೇಲೂ ಮೊದಲೇ ಸೂಚನೆ ಕೊಟ್ಟು ರಾಯಲ್ಟಿ ಕಟ್ಟಬೇಕು.

ಇನ್ನೊಂದು ದಾರಿ ಬ್ಲೂಸಿನ ಕಟ್ಟಿನಲ್ಲಿ ಕನ್ನಡ ಮಾತುಗಳನ್ನು ಬರೆಯುವುದು. ನನಗೆ ಇದು ಹೆಚ್ಚು ಇಷ್ಟ. ಮಿಸಿಸಿಪ್ಪಿಯ ನದಿಯನ್ನು ಕನ್ನಡಕ್ಕೆ ತರಬೇಡಿ, ಬೆಣ್ಣೆಹಳ್ಳದ ನೆರೆಯನ್ನು ಬರೆಯಿರಿ. ರೈಲು ಬೇಕಿದ್ದರೆ ಹುಬ್ಬಳ್ಳಿಯ ವರ್ಕ್‌ಶಾಪಿನ ಸೀಟಿ ಇದೆ. ಗೊತ್ತಿಲ್ಲದ ನೋವನ್ನು ಸಾಲ ತಂದು ಹಾಡಿದರೆ ಕೇಳುವವರಿಗೆ ಮೊದಲ ಸಾಲಿಗೇ ತಿಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಮೊಬೈಲಿನಲ್ಲಿರುವ ದಮಾಮಿಯ ಬಗ್ಗೆ. ಅಮೆರಿಕದ ಗಾಯಕರು ದೂರದಲ್ಲಿದ್ದಾರೆ, ನೀವು ತಪ್ಪಿದರೂ ಅವರಿಗೆ ತಿಳಿಯಲಿಕ್ಕಿಲ್ಲ. ಸಿದ್ದಿಗಳು ನಿಮ್ಮ ಜಿಲ್ಲೆಯವರೇ. ಇವರ ಪೂರ್ವಜರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದಿದ್ದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಕಲಘಟಗಿ, ಖಾನಾಪುರದ ಕಡೆ ನೆಲೆಸಿದರು. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರೂ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು.

ನನ್ನಿಂದಾದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ಕಲಘಟಗಿ ತಾಲೂಕಿನ ಒಂದು ಸಿದ್ದಿ ಕೇರಿಯಲ್ಲಿ ಒಬ್ಬ ಅಜ್ಜಿಯ ಹಾಡನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದುಕೊಂಡು ಬಂದೆ. ಆಕೆ ಒಲೆಯ ಮುಂದೆ ಕುಳಿತು ಹಾಡಿದ್ದರು, ಪಕ್ಕದಲ್ಲಿ ಮೊಮ್ಮಗ ದಮಾಮಿಯ ಚರ್ಮವನ್ನು ಬೆಂಕಿಯ ಕಾವಿಗೆ ಹಿಡಿದು, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಕಾಯಿಸುತ್ತಿದ್ದ. ಆ ಹಾಡನ್ನು ನಾನು ಒಂದು ರೂಪಕದಲ್ಲಿ ಬಳಸಿದೆ, ಒಳ್ಳೆಯ ಹೆಸರೂ ಬಂತು. ಎರಡು ವರ್ಷದ ನಂತರ ಆ ಮೊಮ್ಮಗ ಧಾರವಾಡಕ್ಕೆ ಬಂದವನು ನಮ್ಮ ಮನೆಯಲ್ಲಿ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡು ನೋಡಿದ. ಅದರ ಚೀಟಿಯ ಮೇಲೆ ನನ್ನದೇ ಅಕ್ಷರದಲ್ಲಿ 'ಸಿದ್ದಿ ಹೆಣ್ಣುಮಗಳು, ಕಲಘಟಗಿ ತಾ.' ಎಂದಿತ್ತು. "ಅಕ್ಕಾರ, ನಮ್ಮ ಅಜ್ಜಿ ಹೆಸರು ಇದರಾಗ ಇಲ್ಲಲ್ರೀ" ಎಂದಷ್ಟೇ ಹೇಳಿದ. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. ನನ್ನ ಗುರುಗಳ ಹೆಸರು ಹೇಳುವಾಗ ಕೈ ತಾನಾಗಿ ಕಿವಿಗೆ ಹೋಗುವಂತೆ ಬೆಳೆದವಳು ನಾನು. ಆಕೆಯಿಂದ ಹಾಡು ಕಲಿತಾಗ ಆ ಕೈ ಏಳಲಿಲ್ಲ, ಏಕೆಂದರೆ ಆಕೆಯನ್ನು ಗುರುವೆಂದು ಎಣಿಸಿರಲಿಲ್ಲ. ಅಬ್ದುಲ್ ಕರೀಂ ಖಾನರಿಗೆ ನಾವು ಸಲ್ಲಿಸಿದ್ದನ್ನು ಆಕೆಗೆ ಸಲ್ಲಿಸಲಿಲ್ಲ.

ಆದ್ದರಿಂದ ಆ ಮದುವೆಮನೆಯ ಧ್ವನಿಯನ್ನು ಹಾಗೆಯೇ ಬಳಸಬೇಡಿ. ಜನಪದ ಬಡಿತಕ್ಕೆ ಹಕ್ಕುಸ್ವಾಮ್ಯದ ಒಡೆಯರು ಇಲ್ಲದಿರಬಹುದು, ಬಡಿದವರಂತೂ ಇದ್ದಾರೆ. ನೀವೂ ಆ ಗೆಳೆಯರೂ ಒಂದು ರವಿವಾರ ಅಲ್ಲಿಗೆ ಹೋಗಿ, ಬಡಿದವರಿಗೆ ಅದನ್ನು ಕೇಳಿಸಿ, ಏನು ಮಾಡಬೇಕೆಂದಿದ್ದೀರಿ ಎಂಬುದನ್ನು ಹೇಳಿ, ಅವರ ಹೆಸರನ್ನು ಅವರೇ ಹೇಳಿದ ಹಾಗೆ ಬರೆದುಕೊಳ್ಳಿ. ಇದು ಮದುವೆಗೆ ಮಾತ್ರ, ದೇವರ ಕಾರ್ಯಕ್ಕೆ ಮಾತ್ರ, ವೇದಿಕೆಗೆ ಬೇಡ ಎಂದರೆ ಅಲ್ಲಿಗೆ ಬಿಡಿ. ಒಪ್ಪಿದರೆ ಧ್ವನಿಮುದ್ರಣವನ್ನು ಹಾಕುವ ಬದಲು ಅವರನ್ನೇ ಕರೆಯಿರಿ. ಹೋಗಿಬರುವ ಖರ್ಚಲ್ಲದೆ ನಿಮ್ಮ ಐದು ಜನರಷ್ಟೇ ಪಾಲನ್ನು ಅವರಿಗೆ ಕೊಡಿ, ಕಾರ್ಯಕ್ರಮ ಮುಗಿದ ಮೇಲೆ ನೋಡೋಣ ಎನ್ನದೆ ಮೊದಲೇ ಕೊಡಿ. ಇದರಲ್ಲೂ ಅಪಾಯವಿದೆ: ಅವರನ್ನು ನಡುವೆ ಹತ್ತು ನಿಮಿಷ ತಂದು ನಿಲ್ಲಿಸಿ ಪ್ರದರ್ಶನದ ವಸ್ತುವಿನಂತೆ ತೋರಿಸಿ ಕಳಿಸಿಬಿಡುವುದು. ತಾಲೀಮಿಗೂ ಕರೆಯಿರಿ, ಯಾವ ಲಯದಲ್ಲಿ ಸೇರಬೇಕೆಂಬುದನ್ನು ಅವರೂ ಹೇಳಲಿ. ಒಂದು ಕೇರಿಯವರು ಒಪ್ಪಿದರೆ ಇಡೀ ಸಮುದಾಯ ಒಪ್ಪಿದಂತಲ್ಲ ಎಂಬುದೂ ನೆನಪಿರಲಿ. ಎಲ್ಲ ಮಾಡಿಯೂ ಯಾರಾದರೂ ಆಕ್ಷೇಪಿಸಿದರೆ ವಾದಕ್ಕೆ ನಿಲ್ಲದೆ ಕೇಳಿಸಿಕೊಳ್ಳಿ.

ಕೊನೆಗೆ ನಿಮ್ಮ ತಂದೆಯವರ ಜೊತೆ ನುಡಿಸುವ ವಿಷಯ. ಇದಕ್ಕೆ ಸುಲಭವಾದ ಉಪಾಯವಿದೆ. ಬ್ಲೂಸ್ ಗಿಟಾರಿನವರು ಹೆಚ್ಚಾಗಿ ನುಡಿಸುವ 'ಇ' (E) ಪಟ್ಟಿ ಹಾರ್ಮೋನಿಯಮ್ಮಿನಲ್ಲಿ ಬಿಳಿ ಮೂರು. ತಂದೆಯವರದು ಕರಿ ಎರಡು, ಅಂದರೆ ಅದಕ್ಕಿಂತ ಅರ್ಧ ಸ್ವರ ಕೆಳಗೆ. ನಿಮ್ಮ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿಕೊಂಡರೆ ಬೆರಳುಗಳನ್ನು ಇ ಪಟ್ಟಿಯಲ್ಲಿ ಇಟ್ಟ ಹಾಗೆಯೇ ಇಟ್ಟು ಅವರ ಷಡ್ಜಕ್ಕೆ ಕೂಡಬಹುದು. ಬ್ಲೂಸ್ ಗಿಟಾರಿಗರಲ್ಲಿಯೂ ಹೀಗೆ ಇಳಿಸಿಕೊಳ್ಳುವ ರೂಢಿ ಇದೆ. ಮೊದಲ ದಿನ ಬ್ಲೂಸ್ ಎನ್ನಬೇಡಿ, ಅವರಿಗೆ ಬರುವ ಒಂದು ವಚನವನ್ನು ಧಾನಿಯ ಸ್ವರಗಳಲ್ಲಿ ಹಾಡಲು ಕೇಳಿ. ನೀವು ಕೆಳಗಿನ ತಂತಿಯನ್ನು ತಂಬೂರಿಯಂತೆ ಮೀಟುತ್ತಿರಿ, ಅವರು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ನಿಮ್ಮ ಉತ್ತರವನ್ನು ಕೊಡಿ. ಹಾರ್ಮೋನಿಯಮ್ಮಿನಲ್ಲಿ ಗಾಂಧಾರವನ್ನು ಜಾರಿಸಲು ಬರುವುದಿಲ್ಲ, ನಿಮ್ಮ ತಂತಿಗೆ ಬರುತ್ತದೆ. ಅದನ್ನು ಕೇಳಿ ಅವರು ಆ ಸ್ವರ ಎಲ್ಲಿಯದೆಂದು ಕೇಳಿದಾಗ, ನೀವು ಕಲಿತವರ ಹೆಸರನ್ನು ಹೇಳಿ.